ಗೇಟಿನ ಕೋಡ್ ಯಾರ ಫೋನಿನಲ್ಲಿದೆ? ಲ್ಯಾಂಡ್‌ಸ್ಕೇಪಿಂಗ್ ಉದ್ಯಮ ಮತ್ತು ಗ್ರಾಹಕರ ಮಾಹಿತಿ

ಹುಲ್ಲುಹಾಸು ಕತ್ತರಿಸುವ, ಗಿಡ ಸವರುವ, ಕಾರಂಜಿ ಕೂರಿಸುವ ಸಂಸ್ಥೆಯೊಂದರ ಗ್ರಾಹಕರ ಪಟ್ಟಿಯಲ್ಲಿ ಒಂದು ಸಾಲು ಸಾಮಾನ್ಯವಾಗಿ ಹೀಗಿರುತ್ತದೆ. ಹೆಸರು, ವಿಳಾಸ, ಎರಡು ಫೋನ್ ನಂಬರ್. ಅದರ ಮುಂದೆ ಷರಾ: 'ಪಕ್ಕದ ಗೇಟಿನ ಕೋಡ್ ಇಷ್ಟು. ಹಿಂಬಾಗಿಲ ಕೀಲಿ ಮೀಟರ್ ಪೆಟ್ಟಿಗೆಯ ಹಿಂದೆ. ನಾಯಿ ಇದೆ, ಬೊಗಳುತ್ತದೆ ಅಷ್ಟೆ. ಮಂಗಳವಾರ, ಗುರುವಾರ ಮನೆಯಲ್ಲಿ ಯಾರೂ ಇರುವುದಿಲ್ಲ. ಮುಂದಿನ ತಿಂಗಳು ಎರಡು ವಾರ ಪ್ರವಾಸ, ನೀರು ಬಿಡುವುದು ತಪ್ಪಬಾರದು.' ಕಳ್ಳತನಕ್ಕೆ ಹೊಂಚು ಹಾಕುವವನು ವಾರಗಟ್ಟಲೆ ಬೀದಿ ಸುತ್ತಿ ಕಲೆಹಾಕಬೇಕಾದದ್ದೆಲ್ಲ ಇಲ್ಲಿ ನಾಲ್ಕೈದು ವಾಕ್ಯಗಳಲ್ಲಿದೆ. ಅದನ್ನು ಯಾರೂ ಕದ್ದು ಕೇಳಿಸಿಕೊಂಡದ್ದಲ್ಲ, ಗ್ರಾಹಕರೇ ನಂಬಿ ಹೇಳಿದ್ದು.

ಇನ್ನು ಅದೇ ಸಂಸ್ಥೆಯ ಜಾಲತಾಣದ ಕೆಳತುದಿಗೆ ಹೋಗಿ 'ಖಾಸಗಿತನ ನೀತಿ' ಎಂಬ ಕೊಂಡಿಯನ್ನು ಒತ್ತಿದರೆ ಕಾಣುವುದು ಬೇರೆಯೇ ಲೋಕ. ಕುಕೀಗಳ ಬಗ್ಗೆ ಅರ್ಧ ಪುಟ, ಬ್ರೌಸರ್ ಮತ್ತು ಐಪಿ ವಿಳಾಸದ ಬಗ್ಗೆ ಒಂದು ಪ್ಯಾರಾ, 'ನಿಮ್ಮ ಶಾಪಿಂಗ್ ಕಾರ್ಟ್‌ನಲ್ಲಿರುವ ವಸ್ತುಗಳ' ಬಗ್ಗೆ ಇನ್ನೊಂದು. ಕಾರ್ಟ್ ಎಲ್ಲಿಂದ ಬಂತು? ಈ ಸಂಸ್ಥೆ ಆನ್‌ಲೈನಿನಲ್ಲಿ ಒಂದು ಹೂಕುಂಡವನ್ನೂ ಮಾರುವುದಿಲ್ಲ. ಯಾವುದೋ ಅಂಗಡಿಯ ನೀತಿಯನ್ನು ಎತ್ತಿ ತಂದು, ಹೆಸರು ಬದಲಿಸಿ ಅಂಟಿಸಲಾಗಿದೆ. ಗೇಟಿನ ಕೋಡ್, ಕೀಲಿ, ಮನೆಯವರು ಇಲ್ಲದ ದಿನ, ಹಿತ್ತಿಲ ಫೋಟೊ ಇವುಗಳ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ.

ದತ್ತಾಂಶ ರಕ್ಷಣೆಯ ಚರ್ಚೆಯಲ್ಲಿ ನಾವು ಬ್ಯಾಂಕು, ಆಸ್ಪತ್ರೆ, ಸಾಮಾಜಿಕ ಜಾಲತಾಣಗಳನ್ನೇ ನೆನೆಯುತ್ತೇವೆ. ತೋಟದ ಕೆಲಸದವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅವರೂ ತಮ್ಮನ್ನು ಹಿಡಿದುಕೊಳ್ಳುವುದಿಲ್ಲ. ಆದರೆ ಬ್ಯಾಂಕಿನ ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು. ಮನೆಯ ವಿಳಾಸ, ಹಿತ್ತಿಲಿನ ನಕ್ಷೆ, ಬೇಲಿ ಎಲ್ಲಿ ಗಿಡ್ಡವಾಗಿದೆ ಎಂಬುದು ಸೋರಿದರೆ ಬದಲಿಸುವುದೇನನ್ನು? ಹೀಗಾಗಿ ಈ ಉದ್ಯಮದ ಖಾಸಗಿತನ ನೀತಿಯನ್ನು ಜಾಲತಾಣದಿಂದ ಹಿಂದಕ್ಕೆ ಬರೆಯುವುದೇ ತಪ್ಪು. ಗ್ರಾಹಕರ ಮೊದಲ ಫೋನ್ ಕರೆಯಿಂದ ಕೊನೆಯ ಬಿಲ್‌ವರೆಗೆ ಕೆಲಸ ಸಾಗುವ ದಾರಿಯಲ್ಲಿ ನಡೆದುಕೊಂಡು ಹೋಗಿ, ಎಲ್ಲೆಲ್ಲಿ ಏನೇನು ಕೈಗೆ ಬರುತ್ತದೆ ಎಂದು ನೋಡಿಕೊಂಡು ಬರೆಯಬೇಕು.

ಒಂದು ಕೆಲಸದ ಜಾಡು

ವಿಚಾರಣೆಯ ಕರೆಯಲ್ಲಿ ಸಿಗುವುದು ಹೆಸರು, ನಂಬರ್, ವಿಳಾಸ. ಇದು ಎಲ್ಲ ಉದ್ಯಮಕ್ಕೂ ಸಮಾನ, ಹೆಚ್ಚು ಹೇಳುವುದೇನಿಲ್ಲ. ಕೆಲಸ ಕೊಡದೆ ಹೋದವರ ವಿವರಗಳೂ ವರ್ಷಗಟ್ಟಲೆ ಪಟ್ಟಿಯಲ್ಲಿ ಕೊಳೆಯುತ್ತಿರುತ್ತವೆ ಎಂಬುದಷ್ಟೇ ಗಮನಿಸಬೇಕಾದ ಸಂಗತಿ.

ಜಾಗ ನೋಡಲು ಹೋದಾಗ ಕಥೆ ಬದಲಾಗುತ್ತದೆ. ಅಳತೆಗೆ ಬಂದವರು ಮೊಬೈಲಿನಲ್ಲಿ ಮೂವತ್ತು, ನಲವತ್ತು ಫೋಟೊ ತೆಗೆಯುತ್ತಾರೆ. ಗಿಡಗಳಷ್ಟೇ ಅಲ್ಲ, ಕಿಟಕಿಯ ಸರಳು, ಕ್ಯಾಮೆರಾ ತಿರುಗಿರುವ ದಿಕ್ಕು, ನಿಂತ ಕಾರಿನ ನಂಬರ್ ಫಲಕ, ಕೆಲವೊಮ್ಮೆ ಅಂಗಳದಲ್ಲಿ ಆಡುತ್ತಿರುವ ಮಕ್ಕಳು, ಎಲ್ಲವೂ ಅವುಗಳಲ್ಲಿ ಬಂದಿರುತ್ತವೆ. ಫೋನಿನಲ್ಲಿ ಸ್ಥಳ ಸೂಚನೆ ಚಾಲೂ ಇದ್ದರೆ ಪ್ರತಿ ಫೋಟೊದ ಒಡಲಲ್ಲಿ ಅಕ್ಷಾಂಶ, ರೇಖಾಂಶ, ದಿನಾಂಕ, ಗಂಟೆ ನಿಮಿಷ ಕೂಡ ಕುಳಿತಿರುತ್ತವೆ. ಎಕ್ಸಿಫ್ ಎಂಬ ಈ ಪದ್ಧತಿ 1995ರಿಂದ ಇದೆ. ಮೆಸೇಜಿಂಗ್ ಆ್ಯಪ್‌ಗಳಲ್ಲಿ ಫೋಟೊ ಎಂದೇ ಕಳುಹಿಸಿದರೆ ಈ ವಿವರ ಸಾಮಾನ್ಯವಾಗಿ ಕಳಚಿಹೋಗುತ್ತದೆ. ಗುಣಮಟ್ಟ ಕೆಡಬಾರದೆಂದು ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಹಾಗೆಯೇ ಉಳಿಯುತ್ತದೆ. 'ಕೆಲಸಕ್ಕೆ ಮುಂಚೆ, ಕೆಲಸದ ನಂತರ' ಎಂದು ಹೆಮ್ಮೆಯಿಂದ ಹಾಕುವ ಜೋಡಿ ಚಿತ್ರಗಳು ಈ ಉದ್ಯಮದ ಅತ್ಯುತ್ತಮ ಜಾಹೀರಾತು. ಅವುಗಳನ್ನು ಮೂಲ ಕಡತದಿಂದಲೇ ಸ್ವಂತ ಜಾಲತಾಣಕ್ಕೆ ಏರಿಸಿದರೆ, ವಿಳಾಸ ಬರೆಯದೆಯೂ ವಿಳಾಸ ಪ್ರಕಟಿಸಿದಂತೆ.

ದೊಡ್ಡ ಜಾಗಗಳಿಗೆ ಈಗ ಡ್ರೋನ್ ಹಾರಿಸಿ ಅಳತೆ ತೆಗೆಯುವುದು ರೂಢಿಗೆ ಬರುತ್ತಿದೆ. ಡ್ರೋನಿಗೆ ಬೇಲಿ ಕಾಣುವುದಿಲ್ಲ. ಕೆಲಸ ಕೊಟ್ಟವರ ಅಂಗಳದ ಜತೆಗೆ ಅಕ್ಕಪಕ್ಕದ ಎರಡು ಅಂಗಳಗಳೂ ಚಿತ್ರದಲ್ಲಿ ಬೀಳುತ್ತವೆ. ಗ್ರಾಹಕರು ಒಪ್ಪಿಗೆ ಕೊಟ್ಟಿರಬಹುದು, ಪಕ್ಕದ ಮನೆಯವರನ್ನು ಯಾರೂ ಕೇಳಿಲ್ಲ. ಇಂಥ ಚಿತ್ರದಲ್ಲಿ ಬೇಕಾದ ಭಾಗವನ್ನು ಕತ್ತರಿಸಿಕೊಂಡು ಉಳಿದದ್ದನ್ನು ಅಳಿಸುವುದು ಎರಡು ನಿಮಿಷದ ಕೆಲಸ. ಆದರೆ 'ಇರಲಿ, ಮುಂದೆ ಬೇಕಾಗಬಹುದು' ಎಂಬ ಮಾತು ಎಲ್ಲ ಕಚೇರಿಗಳಲ್ಲೂ ಗೆಲ್ಲುತ್ತದೆ.

ಮುಂದಿನದು ಸಿಂಪಡಣೆ. ಕಳೆನಾಶಕ, ಕೀಟನಾಶಕ ಹೊಡೆಯುವ ಮೊದಲು ಜವಾಬ್ದಾರಿಯುಳ್ಳ ತಂಡ ಕೇಳಲೇಬೇಕಾದ ಪ್ರಶ್ನೆಗಳಿವೆ: ಮನೆಯಲ್ಲಿ ಉಬ್ಬಸದವರು ಇದ್ದಾರೆಯೇ, ಗರ್ಭಿಣಿಯರು, ಎಳೆ ಮಕ್ಕಳು ಇದ್ದಾರೆಯೇ, ಜೇನುನೊಣದ ಕಡಿತ ಯಾರಿಗಾದರೂ ಒಗ್ಗುವುದಿಲ್ಲವೇ? ಉತ್ತರವನ್ನು ಬರೆದಿಟ್ಟುಕೊಳ್ಳುವುದೂ ಸರಿಯೇ, ಮುಂದಿನ ಬಾರಿ ಬೇರೆ ತಂಡ ಬರಬಹುದು. ಆದರೆ ಬರೆದ ಆ ಕ್ಷಣಕ್ಕೆ ತೋಟದ ಸಂಸ್ಥೆಯ ಕೈಯಲ್ಲಿ ಆರೋಗ್ಯದ ಮಾಹಿತಿ ಬಂದು ಕುಳಿತಿದೆ. ಐರೋಪ್ಯ ಒಕ್ಕೂಟದ ದತ್ತಾಂಶ ರಕ್ಷಣಾ ನಿಯಮವಾದ ಜಿಡಿಪಿಆರ್‌ನ 9ನೇ ವಿಧಿಯು ಆರೋಗ್ಯದ ಮಾಹಿತಿಯನ್ನು ವಿಶೇಷ ವರ್ಗವೆಂದು ಕರೆದು, ಮಾಮೂಲಿ ಮಾಹಿತಿಗಿಂತ ಬಿಗಿಯಾದ ಷರತ್ತುಗಳಲ್ಲಿ ಇಡುತ್ತದೆ. 'ಸೊಸೆ ಬಸುರಿ, ಔಷಧಿ ಬೇಡ' ಎಂದು ಷರಾ ಕಾಲಂನಲ್ಲಿ ಗೀಚಿದವರಿಗೆ ಇದು ಹೊಳೆದಿರುವ ಸಾಧ್ಯತೆ ಕಡಿಮೆ. ಸುಲಭದ ಉಪಾಯವೊಂದಿದೆ. ಕಾರಣ ಬರೆಯುವುದು ಬೇಡ, ಸೂಚನೆ ಮಾತ್ರ ಬರೆದರೆ ಸಾಕು. 'ಈ ಮನೆಯಲ್ಲಿ ರಾಸಾಯನಿಕ ಬೇಡ' ಎಂಬ ಸಾಲು ತಂಡಕ್ಕೆ ಬೇಕಾದದ್ದನ್ನೆಲ್ಲ ಹೇಳುತ್ತದೆ, ಮನೆಯವರ ಗುಟ್ಟನ್ನು ಹೇಳುವುದಿಲ್ಲ.

ನೀರಾವರಿ ನಿಯಂತ್ರಕಗಳು ವೈಫೈಗೆ ಸೇರಿದ ಮೇಲೆ ಇನ್ನೊಂದು ಬಾಗಿಲು ತೆರೆದಿದೆ. ಗುತ್ತಿಗೆದಾರರ ಒಂದೇ ಖಾತೆಯಿಂದ ಹತ್ತಾರು ಮನೆಗಳ ನೀರು ಬಿಡುವ ವೇಳೆಯನ್ನು ದೂರದಿಂದಲೇ ಬದಲಿಸಬಹುದು. ಅನುಕೂಲವೇನೋ ಹೌದು. ಆದರೆ ಆ ಒಂದು ಪಾಸ್‌ವರ್ಡ್ ಎಷ್ಟು ಜನರಿಗೆ ಗೊತ್ತು ಎಂದು ಕೇಳಿದರೆ ಕಚೇರಿಯಲ್ಲಿ ಮೌನ. ತಾನಾಗಿ ಓಡಾಡುವ ಹುಲ್ಲು ಕತ್ತರಿಸುವ ಯಂತ್ರಗಳದ್ದೂ ಇದೇ ಕಥೆ. ಅಂಗಳದ ಎಲ್ಲೆ ಅವುಗಳ ಸ್ಮೃತಿಯಲ್ಲಿರುತ್ತದೆ, ಕೆಲವಕ್ಕೆ ಕ್ಯಾಮೆರಾ ಇರುತ್ತದೆ. 2024ರ ಆಗಸ್ಟ್‌ನಲ್ಲಿ ಡೆಫ್ ಕಾನ್ ಎಂಬ ಹ್ಯಾಕರ್‌ಗಳ ಸಮ್ಮೇಳನದಲ್ಲಿ ಭದ್ರತಾ ಸಂಶೋಧಕರು ಎಕೋವ್ಯಾಕ್ಸ್ ಕಂಪನಿಯ ಗುಡಿಸುವ ಮತ್ತು ಹುಲ್ಲು ಕತ್ತರಿಸುವ ರೋಬೊಗಳನ್ನು ಬ್ಲೂಟೂತ್ ಮೂಲಕ ವಶಕ್ಕೆ ತೆಗೆದುಕೊಳ್ಳಬಹುದಾದ ದೋಷಗಳನ್ನು ವಿವರಿಸಿದರು. ಯಂತ್ರ ಮಾಡಿದವರು ಬೇರೆ ಇರಬಹುದು, ಅದನ್ನು ಶಿಫಾರಸು ಮಾಡಿ ಕೂರಿಸಿಕೊಟ್ಟವರು ತೋಟದವರೇ. ಗ್ರಾಹಕರು ಮೊದಲು ಫೋನ್ ಮಾಡುವುದೂ ಅವರಿಗೇ.

ಕೊನೆಗೆ ಹಣ. ಫೋನಿನಲ್ಲಿ ಕಾರ್ಡ್ ನಂಬರ್ ಕೇಳಿ ಚೀಟಿಯಲ್ಲಿ ಬರೆದುಕೊಳ್ಳುವ ಅಭ್ಯಾಸ ಇನ್ನೂ ಸತ್ತಿಲ್ಲ. ಕಾರ್ಡ್ ಕಂಪನಿಗಳ ಪಿಸಿಐ ಡಿಎಸ್‌ಎಸ್ ಎಂಬ ಭದ್ರತಾ ಮಾನದಂಡದ ಪ್ರಕಾರ, ಪಾವತಿಗೆ ಅನುಮೋದನೆ ಸಿಕ್ಕ ಮೇಲೆ ಕಾರ್ಡಿನ ಹಿಂಬದಿಯ ಮೂರಂಕಿಯ ಸಂಖ್ಯೆಯನ್ನು ಯಾವ ರೂಪದಲ್ಲೂ ಇಟ್ಟುಕೊಳ್ಳುವಂತಿಲ್ಲ. ಬೀಗ ಹಾಕಿದ ಡ್ರಾಯರ್‌ನಲ್ಲಿಯೂ ಇಲ್ಲ. ಪಾವತಿಯ ಕೊಂಡಿ ಕಳುಹಿಸಿ ಗ್ರಾಹಕರೇ ಸಂಖ್ಯೆ ತುಂಬುವಂತೆ ಮಾಡಿದರೆ ಈ ತಲೆನೋವಿನ ಬಹುಪಾಲು ಬೇರೆಯವರ ತಲೆಗೆ ಹೋಗುತ್ತದೆ. ಚಿಕ್ಕ ಸಂಸ್ಥೆ ಮಾಡಬಹುದಾದ ಅತ್ಯಂತ ಲಾಭದ ಬದಲಾವಣೆ ಬಹುಶಃ ಇದೇ.

'ನಾವು ಚಿಕ್ಕವರು' ಎಂಬ ಸಮಾಧಾನ

ಹತ್ತು ಜನರ ತಂಡ, ಎರಡು ಗಾಡಿ, ನಮಗೆಲ್ಲಿಯ ಕಾನೂನು ಎಂಬ ಮಾತು ಅರ್ಧ ಸತ್ಯ. ಅರ್ಧ ಯಾಕೆಂದರೆ ಕಾನೂನು ದೇಶದಿಂದ ದೇಶಕ್ಕೆ ಬೇರೆ ಬೇರೆ ಅಳತೆಗೋಲು ಹಿಡಿದಿದೆ.

2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಗಾತ್ರ ನೋಡುವುದಿಲ್ಲ. ಒಬ್ಬನೇ ದುಡಿಯುವ ತೋಟಗಾರನೂ ಗ್ರಾಹಕರ ಪಟ್ಟಿ ಇಟ್ಟುಕೊಂಡಿದ್ದರೆ ಅದರ ವ್ಯಾಪ್ತಿಗೆ ಬರುತ್ತಾನೆ. 250ಕ್ಕಿಂತ ಕಡಿಮೆ ನೌಕರರಿರುವವರಿಗೆ 30ನೇ ವಿಧಿಯಲ್ಲಿ, ದಾಖಲೆ ಪುಸ್ತಕ ಇಡುವ ವಿಷಯದಲ್ಲಿ ಒಂದು ರಿಯಾಯಿತಿ ಕೊಟ್ಟಿದ್ದಾರೆ. ಆದರೆ ಮಾಹಿತಿಯ ಬಳಕೆ ಅಪರೂಪದ್ದಾಗಿದ್ದರೆ ಮಾತ್ರ ಅದು ಸಿಗುತ್ತದೆ. ವಾರವಾರ ಗ್ರಾಹಕರ ಮನೆಗೆ ಹೋಗುವ ಸಂಸ್ಥೆಯ ಬಳಕೆ ಅಪರೂಪದ್ದು ಎಂದು ವಾದಿಸಲು ಗಟ್ಟಿ ಗುಂಡಿಗೆ ಬೇಕು. ಕಾಗದದ ಕಡತಗಳೂ ಕ್ರಮವಾಗಿ ಜೋಡಿಸಿದ್ದಾದರೆ ಈ ನಿಯಮಕ್ಕೆ ಒಳಪಡುತ್ತವೆ. ಹಾಗಾಗಿ 'ನಮ್ಮದೆಲ್ಲ ಪುಸ್ತಕದಲ್ಲಿದೆ' ಎಂಬ ನೆಪವೂ ನಡೆಯುವುದಿಲ್ಲ.

ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸಂಸ್ಥೆಗಳ ಮೇಲಿನ ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶವಿದೆ. ಡಿಜಿಟಲ್ ರೂಪದ ಮಾಹಿತಿಗೆ ಮತ್ತು ಕಾಗದದಿಂದ ಡಿಜಿಟಲ್‌ಗೆ ಏರಿಸಿದ ಮಾಹಿತಿಗೆ ಇದು ಅನ್ವಯ. ಅಂದರೆ ಬರೀ ನೋಟ್‌ಬುಕ್ ಹೊರಗೆ, ಅದರ ಪುಟವನ್ನು ಫೋಟೊ ಹೊಡೆದು ತಂಡದ ಗುಂಪಿಗೆ ಹಾಕಿದರೆ ಒಳಗೆ. ಸೂಕ್ತ ಭದ್ರತಾ ಕ್ರಮ ಕೈಗೊಳ್ಳದಿದ್ದಲ್ಲಿ ದಂಡದ ಮೇಲ್ಮಿತಿ 250 ಕೋಟಿ ರೂಪಾಯಿ. ಮೇಲ್ಮಿತಿ ಎಂದರೆ ಎಲ್ಲರಿಗೂ ಅಷ್ಟೇ ಬೀಳುತ್ತದೆ ಎಂದಲ್ಲ. ಉಲ್ಲಂಘನೆಯ ತೀವ್ರತೆಯನ್ನು ತೂಗಿ ನಿರ್ಧರಿಸುವ ಹೊಣೆ ದತ್ತಾಂಶ ಸಂರಕ್ಷಣಾ ಮಂಡಳಿಯದು. ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಇದೇ ಕಾಯ್ದೆಯ ಇನ್ನೊಂದು ಅಂಶ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗಿರಬೇಕು. ಎತ್ತಿ ತಂದ ಇಂಗ್ಲಿಷ್ ನೀತಿಯನ್ನು ಅಂಟಿಸಿ ಕೈತೊಳೆದುಕೊಳ್ಳುವವರಿಗೆ ಇದು ನೇರ ಪೆಟ್ಟು. ತಾನೇ ಅರ್ಥ ಮಾಡಿಕೊಳ್ಳದ ನೀತಿಯನ್ನು ಯಾರೂ ತಮ್ಮ ಭಾಷೆಯಲ್ಲಿ ಬರೆಯಲಾರರು.

ಅಮೆರಿಕದಲ್ಲಿ ಚಿತ್ರ ಚೂರುಚೂರು. ಕ್ಯಾಲಿಫೋರ್ನಿಯಾದ ಗ್ರಾಹಕ ಖಾಸಗಿತನ ಕಾಯ್ದೆ 2020ರ ಜನವರಿ 1ರಿಂದ ಜಾರಿಯಲ್ಲಿದೆ. ಕೋಟಿಗಟ್ಟಲೆ ಡಾಲರ್ ವಹಿವಾಟು, ಒಂದು ಲಕ್ಷ ಗ್ರಾಹಕರು ಅಥವಾ ಮನೆಗಳ ಮಾಹಿತಿ, ಇಲ್ಲವೇ ಮಾಹಿತಿ ಮಾರಾಟದಿಂದಲೇ ಅರ್ಧ ಆದಾಯ ಎಂಬ ಹೊಸ್ತಿಲುಗಳಿರುವುದರಿಂದ ಚಿಕ್ಕ ಸಂಸ್ಥೆಗಳು ಬಹುತೇಕ ಹೊರಗುಳಿಯುತ್ತವೆ. ಆದರೆ ಅದೇ ರಾಜ್ಯದಲ್ಲಿ 2004ರ ಜುಲೈ 1ರಿಂದಲೇ ಇನ್ನೊಂದು ಕಾಯ್ದೆಯಿದೆ. ಅಲ್ಲಿನ ನಿವಾಸಿಗಳ ವೈಯಕ್ತಿಕ ಮಾಹಿತಿ ಪಡೆಯುವ ಯಾವುದೇ ವಾಣಿಜ್ಯ ಜಾಲತಾಣ ಖಾಸಗಿತನ ನೀತಿಯನ್ನು ಎದ್ದು ಕಾಣುವಂತೆ ಪ್ರಕಟಿಸಬೇಕು ಮತ್ತು ಅದರಂತೆ ನಡೆಯಬೇಕು. ಇದಕ್ಕೆ ಗಾತ್ರದ ಹೊಸ್ತಿಲಿಲ್ಲ. 'ಉಚಿತ ಅಂದಾಜಿಗೆ ನಿಮ್ಮ ಹೆಸರು, ನಂಬರ್ ತುಂಬಿ' ಎಂಬ ಚೌಕವೊಂದಿದ್ದರೆ ಸಾಕು.

ಈ ಕೊನೆಯ ಕಾನೂನಿನ 'ಅದರಂತೆ ನಡೆಯಬೇಕು' ಎಂಬ ಮಾತಿನಲ್ಲೇ ಎಲ್ಲವೂ ಇದೆ. ಖಾಸಗಿತನ ನೀತಿ ಅಲಂಕಾರವಲ್ಲ, ಲಿಖಿತ ವಾಗ್ದಾನ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್‌ಗೆ ದೇಶವ್ಯಾಪಿ ಖಾಸಗಿತನ ಕಾಯ್ದೆಯ ಬಲವಿಲ್ಲ. ಆದರೂ ತನ್ನ ಮೂಲ ಕಾಯ್ದೆಯ 5ನೇ ಸೆಕ್ಷನ್ ಹಿಡಿದು, ನೀತಿಯಲ್ಲಿ ಒಂದು ಹೇಳಿ ಇನ್ನೊಂದು ಮಾಡುವುದು ಗ್ರಾಹಕರಿಗೆ ಮಾಡಿದ ಮೋಸ ಎಂದು ಅದು ಕಂಪನಿಗಳ ಬೆನ್ನು ಹತ್ತುತ್ತದೆ. 2000ನೇ ಇಸವಿಯ ಟಾಯ್‌ಸ್ಮಾರ್ಟ್ ಪ್ರಕರಣ ಇದಕ್ಕೆ ಹಳೆಯ ಉದಾಹರಣೆ. ಆಟಿಕೆ ಮಾರುತ್ತಿದ್ದ ಆ ಆನ್‌ಲೈನ್ ಅಂಗಡಿ, ಗ್ರಾಹಕರ ಮಾಹಿತಿಯನ್ನು ಮೂರನೆಯವರಿಗೆ ಎಂದೂ ಕೊಡುವುದಿಲ್ಲ ಎಂದು ಬರೆದುಕೊಂಡಿತ್ತು. ಬಾಗಿಲು ಮುಚ್ಚುವಾಗ ಉಳಿದ ಆಸ್ತಿಯ ಜತೆಗೆ ಗ್ರಾಹಕರ ಪಟ್ಟಿಯನ್ನೂ ಮಾರಲು ಹೊರಟಿತು. ಕಮಿಷನ್ ಮೊಕದ್ದಮೆ ಹೂಡಿತು, ಕೊನೆಗೆ 2001ರಲ್ಲಿ ಆ ಪಟ್ಟಿ ನಾಶವಾಯಿತು.

ಆಟಿಕೆ ಅಂಗಡಿಯ ಈ ಕಥೆ ತೋಟದವರಿಗೆ ಯಾಕೆ? ಈ ಉದ್ಯಮದಲ್ಲಿ ವ್ಯವಹಾರ ಕೈಬದಲಾಗುವುದು ತೀರಾ ಸಾಮಾನ್ಯ. ವಯಸ್ಸಾದ ಮಾಲೀಕರು ನಿವೃತ್ತರಾಗುವಾಗ ಮಾರುವುದು ಯಂತ್ರಗಳನ್ನಷ್ಟೇ ಅಲ್ಲ. ಯಂತ್ರಗಳು ಸವೆದಿರುತ್ತವೆ, ಬೆಲೆ ಬರುವುದು ಖಾಯಂ ಗ್ರಾಹಕರ ಪಟ್ಟಿಗೆ. ಎತ್ತಿ ತಂದ ನೀತಿಯಲ್ಲಿ 'ನಿಮ್ಮ ಮಾಹಿತಿಯನ್ನು ಯಾರಿಗೂ, ಎಂದಿಗೂ ಕೊಡುವುದಿಲ್ಲ' ಎಂದಿದ್ದರೆ ಆ ಒಂದು ಸಾಲು ಮಾಲೀಕರ ನಿವೃತ್ತಿಯ ಗಂಟಿಗೇ ಕತ್ತರಿ. ಅದು ಮೊದಲಿನಿಂದಲೂ ಸುಳ್ಳೇ ಆಗಿತ್ತು ಅನ್ನಿ. ವೇಳಾಪಟ್ಟಿಯ ಸಾಫ್ಟ್‌ವೇರ್, ಲೆಕ್ಕಪತ್ರದ ಸಾಫ್ಟ್‌ವೇರ್, ಪಾವತಿ ಸೇವೆ, ಮರ ಕಡಿಯಲು ಕರೆಸುವ ಉಪಗುತ್ತಿಗೆದಾರ ಇವರೆಲ್ಲರಿಗೂ ಮಾಹಿತಿ ಹೋಗುತ್ತಲೇ ಇರುತ್ತದೆ. ಉದಾರವಾಗಿ ಕೊಟ್ಟ ಮಾತಿಗಿಂತ ಕಂಜೂಸಿನಿಂದ ಕೊಟ್ಟ ಮಾತು ಇಲ್ಲಿ ಹೆಚ್ಚು ಪ್ರಾಮಾಣಿಕ: ಯಾರಿಗೆ, ಯಾವ ಕೆಲಸಕ್ಕೆ ಕೊಡುತ್ತೇವೆ, ಸಂಸ್ಥೆ ಮಾರಾಟವಾದರೆ ಗ್ರಾಹಕರಿಗೆ ಮುಂಚಿತವಾಗಿ ಹೇಗೆ ತಿಳಿಸುತ್ತೇವೆ, ಬೇಡ ಎನ್ನಲು ಎಷ್ಟು ದಿನ ಕೊಡುತ್ತೇವೆ. ಇಷ್ಟು ಬರೆದರೆ ಸಾಕು, ಆದರೆ ಇಷ್ಟನ್ನಾದರೂ ಬರೆಯಬೇಕು.

ಸೋರುವುದು ಎಲ್ಲಿಂದ

ಮುಸುಕು ಹಾಕಿಕೊಂಡು ಕೀಲಿಮಣೆ ಕುಟ್ಟುವ ಹ್ಯಾಕರ್‌ನ ಚಿತ್ರ ಜನಪ್ರಿಯ. ತೋಟದ ಸಂಸ್ಥೆಯ ಮಾಹಿತಿ ಸೋರಲು ಅಷ್ಟು ದೊಡ್ಡ ಪ್ರತಿಭೆ ಬೇಕಿಲ್ಲ. ಬೆಳಿಗ್ಗೆ ಆರೂವರೆಗೆ ಮೇಸ್ತ್ರಿಯೊಬ್ಬರು ತಂಡದ ವಾಟ್ಸ್‌ಆ್ಯಪ್ ಗುಂಪಿಗೆ ದಿನದ ಪಟ್ಟಿ ಹಾಕುತ್ತಾರೆ: ಎಂಟು ವಿಳಾಸ, ಎಂಟು ಕೋಡ್. ಗುಂಪಿನಲ್ಲಿ ಇಪ್ಪತ್ತಾರು ಜನ. ಅವರಲ್ಲಿ ಅಂದು ಕೆಲಸಕ್ಕೆ ಬರುವವರು ಒಂಬತ್ತು ಜನ. ಉಳಿದವರಲ್ಲಿ ಕೆಲವರು ಕಳೆದ ಹಂಗಾಮಿಗೇ ಕೆಲಸ ಬಿಟ್ಟವರು, ಒಬ್ಬಿಬ್ಬರು ಜಗಳವಾಡಿ ಹೋದವರು. ಗುಂಪಿನಿಂದ ಯಾರನ್ನೂ ತೆಗೆದಿಲ್ಲ, ತೆಗೆದರೆ ಬೇಜಾರು ಮಾಡಿಕೊಂಡಾರು ಎಂಬ ದಾಕ್ಷಿಣ್ಯ. ತೆಗೆದರೂ ಹಳೆಯ ಸಂದೇಶಗಳು ಅವರ ಫೋನಿನಲ್ಲಿ ಹಾಗೆಯೇ ಇರುತ್ತವೆ. ಗ್ರಾಹಕರು ಮೂರು ವರ್ಷಗಳಿಂದ ಅದೇ ಕೋಡ್ ಇಟ್ಟುಕೊಂಡಿರುತ್ತಾರೆ.

ಇದರಲ್ಲಿ ಯಾರದೂ ದುರುದ್ದೇಶವಿಲ್ಲ, ಅದೇ ಸಮಸ್ಯೆ. ಈ ಉದ್ಯಮದ ರೀತಿಯೇ ಹಾಗಿದೆ. ಕೆಲಸ ಹಂಗಾಮಿಗೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಜನ ಬರುತ್ತಾರೆ, ಹೋಗುತ್ತಾರೆ. ಫೋನ್ ಸಂಸ್ಥೆಯದಲ್ಲ, ಕೆಲಸಗಾರರ ಸ್ವಂತದ್ದು. ವೇಳಾಪಟ್ಟಿಯ ಆ್ಯಪ್‌ಗೆ ಇಡೀ ತಂಡಕ್ಕೆ ಒಂದೇ ಲಾಗಿನ್, ಪ್ರತಿಯೊಬ್ಬರಿಗೂ ಒಂದೊಂದು ಕೊಂಡರೆ ತಿಂಗಳ ಶುಲ್ಕ ಏರುತ್ತದೆ. ಗಾಡಿಯ ಮುಂಬದಿಯ ಗಾಜಿನ ಕೆಳಗೆ ಕ್ಲಿಪ್‌ಬೋರ್ಡ್, ಅದರ ಮೇಲೆ ಎಲ್ಲರಿಗೂ ಕಾಣುವಂತೆ ದಿನದ ಪಟ್ಟಿ. ಕೀಲಿ ಗೊಂಚಲಿನ ಪ್ರತಿ ಕೀಲಿಗೂ ಮನೆ ನಂಬರ್ ಬರೆದ ಚೀಟಿ. ಕೀಲಿಗೆ ವಿಳಾಸ ಕಟ್ಟುವ ಅಭ್ಯಾಸವನ್ನು ಇವತ್ತೇ ನಿಲ್ಲಿಸಬಹುದು. ಸಂಕೇತ ಸಂಖ್ಯೆಯೊಂದನ್ನು ಕಟ್ಟಿ, ಆ ಸಂಖ್ಯೆ ಯಾವ ಮನೆಯದು ಎಂಬುದನ್ನು ಕಚೇರಿಯಲ್ಲಿಟ್ಟರೆ ಬಿದ್ದುಹೋದ ಗೊಂಚಲು ಬರೀ ಲೋಹ.

ಚಿಕ್ಕವರು ಎಂಬ ಕಾರಣಕ್ಕೆ ದಾಳಿಕೋರರು ಬಿಟ್ಟುಬಿಡುತ್ತಾರೆ ಎಂಬುದೂ ಭ್ರಮೆ. 2013ರ ಕೊನೆಯಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾಯಿತು, 7 ಕೋಟಿಯಷ್ಟು ಗ್ರಾಹಕರ ಹೆಸರು, ಸಂಪರ್ಕ ವಿವರಗಳೂ ಹೋದವು. ಕಳ್ಳರು ಒಳನುಗ್ಗಿದ್ದು ಟಾರ್ಗೆಟ್‌ನ ಮುಂಬಾಗಿಲಿನಿಂದಲ್ಲ. ಅದರ ಶೀತಲೀಕರಣ ಮತ್ತು ಹವಾನಿಯಂತ್ರಣದ ಕೆಲಸ ಮಾಡುತ್ತಿದ್ದ ಗುತ್ತಿಗೆ ಸಂಸ್ಥೆಯೊಂದಕ್ಕೆ ವಂಚನೆಯ ಇಮೇಲ್ ಕಳುಹಿಸಿ, ಅದರ ಲಾಗಿನ್ ಕದ್ದು, ಆ ಮೂಲಕ ಒಳಗೆ ಹೋದರು. 2017ರಲ್ಲಿ ಟಾರ್ಗೆಟ್ 47 ರಾಜ್ಯಗಳು ಮತ್ತು ರಾಜಧಾನಿ ಪ್ರದೇಶದೊಂದಿಗೆ 1.85 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ವಸತಿ ಸಮುಚ್ಚಯ, ಕಚೇರಿ ಸಂಕೀರ್ಣ, ಆಸ್ಪತ್ರೆಗಳ ಉದ್ಯಾನ ನೋಡಿಕೊಳ್ಳುವ ಸಂಸ್ಥೆಗಳು ಇದನ್ನು ಎರಡು ಸಲ ಓದಬೇಕು. ಅವರಿಗೂ ದೊಡ್ಡ ಗ್ರಾಹಕರು ಬಿಲ್ ಸಲ್ಲಿಸಲು, ಕೆಲಸದ ಆದೇಶ ನೋಡಲು ಲಾಗಿನ್ ಕೊಟ್ಟಿರುತ್ತಾರೆ. ಗುತ್ತಿಗೆ ಕೊಡುವ ಮುನ್ನ ಮಾಹಿತಿ ಭದ್ರತೆಯ ಬಗ್ಗೆ ಪ್ರಶ್ನಾವಳಿ ಕಳುಹಿಸುವ ರೂಢಿ ದೊಡ್ಡ ಕಂಪನಿಗಳಲ್ಲಿ ಬಂದದ್ದು ಇಂಥ ಅನುಭವಗಳಿಂದಲೇ. ಖಾಸಗಿತನ ನೀತಿ ಈಗ ಗುತ್ತಿಗೆ ಗಿಟ್ಟಿಸುವ ಅರ್ಹತೆಯ ಪ್ರಶ್ನೆಯೂ ಹೌದು.

ಹಾಗಾದರೆ ಒಳ್ಳೆಯ ನೀತಿ ಹೇಗಿರಬೇಕು? ಉದ್ದವಾಗಿರಬೇಕಿಲ್ಲ. ಗೇಟಿನ ವಿಷಯವನ್ನೇ ತೆಗೆದುಕೊಂಡರೆ, ಈ ನಾಲ್ಕು ವಾಕ್ಯ ಸಾಕು: 'ನಿಮ್ಮ ಗೇಟಿನ ಕೋಡ್ ಮತ್ತು ಕೀಲಿಯ ವಿವರವನ್ನು ಕೆಲಸಕ್ಕೆ ಒಳಬರಲು ಮಾತ್ರ ಬಳಸುತ್ತೇವೆ. ಅಂದು ನಿಮ್ಮಲ್ಲಿಗೆ ಬರುವ ತಂಡದ ಮುಖ್ಯಸ್ಥರಿಗೆ ಮತ್ತು ಕಚೇರಿಯಲ್ಲಿ ವೇಳಾಪಟ್ಟಿ ನೋಡಿಕೊಳ್ಳುವವರಿಗೆ ಮಾತ್ರ ಅದು ಕಾಣುತ್ತದೆ. ಒಪ್ಪಂದ ಮುಗಿದ 7 ದಿನಗಳೊಳಗೆ ಅದನ್ನು ಅಳಿಸಿ, ಕೋಡ್ ಬದಲಿಸಿಕೊಳ್ಳುವಂತೆ ನಿಮಗೆ ನೆನಪಿಸುತ್ತೇವೆ. ನಿಮ್ಮ ಗೇಟು ತಾತ್ಕಾಲಿಕ ಕೋಡ್ ಕೊಡಬಲ್ಲದಾದರೆ ನಮಗೆ ಅದನ್ನೇ ಕೊಡಿ.' ವಕೀಲರ ಭಾಷೆ ಇಲ್ಲ, ಕುಕೀ ಇಲ್ಲ. ಇದನ್ನು ಓದಿದ ಗ್ರಾಹಕರಿಗೆ ತಾವು ಏನು ಕೊಟ್ಟೆವು, ಅದು ಎಲ್ಲಿ ಹೋಯಿತು ಎಂದು ಗೊತ್ತಾಗುತ್ತದೆ. ಕಷ್ಟ ಇರುವುದು ಇದನ್ನು ಬರೆಯುವುದರಲ್ಲಲ್ಲ. ಎರಡನೆಯ ವಾಕ್ಯ ನಿಜವಾಗಬೇಕಾದರೆ ವಾಟ್ಸ್‌ಆ್ಯಪ್ ಗುಂಪಿನ ಪಟ್ಟಿ ನಿಲ್ಲಬೇಕು. ಮೂರನೆಯದು ನಿಜವಾಗಬೇಕಾದರೆ ಅಳಿಸುವ ಕೆಲಸ ಯಾರದು ಎಂದು ಹೆಸರು ಹಿಡಿದು ಹೇಳಿರಬೇಕು. ನೀತಿಯ ಪ್ರತಿ ವಾಕ್ಯದ ಹಿಂದೆ ಒಬ್ಬ ಮನುಷ್ಯ ಇಲ್ಲದಿದ್ದರೆ ಆ ವಾಕ್ಯವನ್ನು ತೆಗೆದುಹಾಕುವುದೇ ಲೇಸು.

ಫೋಟೊಗಳಿಗೆ ಪ್ರತ್ಯೇಕ ಒಪ್ಪಿಗೆ ಬೇಕು. ಅಳತೆಗೆ ತೆಗೆಯುವುದು ಬೇರೆ, ಜಾಹೀರಾತಿಗೆ ಹಾಕುವುದು ಬೇರೆ. ಒಪ್ಪಂದದ ಹನ್ನೊಂದನೆಯ ಕಲಮಿನಲ್ಲಿ ಎರಡನ್ನೂ ಸೇರಿಸಿ ಸಹಿ ಮಾಡಿಸಿಕೊಳ್ಳುವುದು ಜಾಣತನವಿರಬಹುದು, ಒಪ್ಪಿಗೆಯಲ್ಲ. ಜಾಹೀರಾತಿನ ಚಿತ್ರ ಬೇಡ ಎಂದವರಿಗೂ ಅದೇ ದರ, ಅದೇ ಮರ್ಯಾದೆ ಸಿಗಬೇಕು.

ಅಳಿಸುವ ವಿಷಯದಲ್ಲಿ ಒಂದು ತೊಡಕಿದೆ, ಅದನ್ನು ಈ ಉದ್ಯಮಕ್ಕೆಂದೇ ಬರೆದ ನೀತಿ ಮಾತ್ರ ಬಿಡಿಸಬಲ್ಲದು. 'ನನ್ನ ಮಾಹಿತಿಯನ್ನೆಲ್ಲ ಅಳಿಸಿ' ಎಂದು ಗ್ರಾಹಕರು ಕೇಳಬಹುದು. ಆದರೆ ಕೀಟನಾಶಕ ಬಳಕೆಯ ದಾಖಲೆಯನ್ನು ಅಳಿಸುವಂತಿಲ್ಲದ ಕಡೆಗಳಿವೆ. ಐರೋಪ್ಯ ಒಕ್ಕೂಟದ 2009ರ ಸಸ್ಯ ಸಂರಕ್ಷಣಾ ನಿಯಮದ ಪ್ರಕಾರ ವೃತ್ತಿಪರ ಬಳಕೆದಾರರು ಯಾವ ಔಷಧಿ, ಎಷ್ಟು ಪ್ರಮಾಣ, ಎಲ್ಲಿ, ಯಾವಾಗ ಎಂಬುದನ್ನು ಕನಿಷ್ಠ 3 ವರ್ಷ ಇಟ್ಟುಕೊಳ್ಳಬೇಕು. ತೆರಿಗೆ ಇಲಾಖೆಗೆ ಬೇಕಾದ ಬಿಲ್‌ಗಳದ್ದೂ ಅದೇ ಪಾಡು. ಹಾಗೆಂದು ಈ ನೆಪದಲ್ಲಿ ಗೇಟಿನ ಕೋಡ್, ಹಿತ್ತಿಲ ಫೋಟೊಗಳನ್ನೂ ಇಟ್ಟುಕೊಳ್ಳುವಂತಿಲ್ಲ. ದಾಖಲೆಗೆ ದಾಖಲೆಯ ಆಯುಷ್ಯ, ಕೋಡಿಗೆ ಕೋಡಿನ ಆಯುಷ್ಯ. ಎಲ್ಲವೂ ಒಂದೇ ಷರಾ ಕಾಲಂನಲ್ಲಿ ಬಿದ್ದಿರುವವರೆಗೆ ಇದು ಆಗದ ಮಾತು. ಆದ್ದರಿಂದ ಸುಧಾರಣೆ ಶುರುವಾಗಬೇಕಾದದ್ದು ಆ ಕಾಲಂ ಒಡೆಯುವುದರಿಂದ: ಒಳಬರುವ ವಿವರ ಒಂದು ಕಡೆ, ಸಿಂಪಡಣೆಯ ಸೂಚನೆ ಇನ್ನೊಂದು ಕಡೆ, ಬಿಲ್ ಮತ್ತೊಂದು ಕಡೆ. ಯಾರಿಗೆ ಯಾವುದು ಕಾಣಬೇಕೋ ಅದಷ್ಟೇ ಕಾಣಲಿ.

ಇಷ್ಟೆಲ್ಲ ಮಾಡಿಯೂ ಒಂದು ದಿನ ಫೋನ್ ಕಳೆಯುತ್ತದೆ ಅಥವಾ ಕಚೇರಿಯ ಕಂಪ್ಯೂಟರ್‌ಗೆ ಯಾರೋ ಬೀಗ ಜಡಿದು ಹಣ ಕೇಳುತ್ತಾರೆ. ಸೋರಿಕೆ ತಿಳಿದ 72 ಗಂಟೆಗಳೊಳಗೆ ಪ್ರಾಧಿಕಾರಕ್ಕೆ ತಿಳಿಸಿ ಎನ್ನುತ್ತದೆ ಜಿಡಿಪಿಆರ್‌ನ 33ನೇ ವಿಧಿ. ಭಾರತದ ನಿಯಮಗಳಲ್ಲಿಯೂ ವಿವರವಾದ ವರದಿಗೆ 72 ಗಂಟೆಗಳ ಗಡುವಿದೆ, ಬಾಧಿತರಿಗೆ ತಡಮಾಡದೆ ತಿಳಿಸಬೇಕೆಂದೂ ಇದೆ. ಇಮೇಲ್ ವಿಳಾಸಗಳು ಹೋಗಿದ್ದರೆ 72 ಗಂಟೆ ಸಾಕಷ್ಟು ಸಮಯ. ವಿಳಾಸದ ಜತೆ ಕೋಡ್ ಮತ್ತು ಮನೆ ಖಾಲಿ ಇರುವ ದಿನಗಳು ಹೋಗಿದ್ದರೆ ಅಂದಿನ ರಾತ್ರಿಯೇ ತಡ. ಮೊದಲ ಕರೆ ಹೋಗಬೇಕಾದದ್ದು ಊರಲ್ಲಿಲ್ಲದ ಗ್ರಾಹಕರಿಗೆ, ನಂತರ ಬೇರೆ ಗ್ರಾಹಕರಿಗೆ, ಅರ್ಜಿ ನಮೂನೆಗಳು ಆಮೇಲೆ. ಇದಕ್ಕೊಂದು ಸಿದ್ಧತೆ ಬೇಕು, ಬಹುತೇಕರು ಅದನ್ನು ಮರೆಯುತ್ತಾರೆ. ಬೀಗ ಬಿದ್ದ ಕಂಪ್ಯೂಟರಿನೊಳಗೇ ಎಲ್ಲ ಫೋನ್ ನಂಬರ್‌ಗಳೂ ಇದ್ದರೆ ಕರೆ ಮಾಡುವುದು ಯಾರಿಗೆ? ಹೆಸರು ಮತ್ತು ನಂಬರ್ ಮಾತ್ರ ಇರುವ, ವಿಳಾಸವಾಗಲಿ ಕೋಡಾಗಲಿ ಇಲ್ಲದ ಪಟ್ಟಿಯೊಂದನ್ನು ಅಚ್ಚು ಹಾಕಿ ಮಾಲೀಕರ ಬೀರುವಿನಲ್ಲಿ ಇಡಬೇಕು, ಮೂರು ತಿಂಗಳಿಗೊಮ್ಮೆ ಹೊಸದನ್ನಿಟ್ಟು ಹಳೆಯದನ್ನು ಹರಿದು ಹಾಕಬೇಕು.